ಬೀಳು ಹೊಲದ ತಪಾಸಣೆ

ಊರವರೆಲ್ಲ ಆರಾಮಣ್ಣ ಎಂದು ಕರೆಯುತ್ತಿದ್ದ ಆ ರೈತ ಮೂರು ವರ್ಷಗಳಿಂದ ಏನೂ ಬೆಳೆಯದೆ ಹಣ ಪಡೆಯುತ್ತಿದ್ದ. ಮಣ್ಣಿಗೆ ವಿಶ್ರಾಂತಿ ಸಿಗಲೆಂದು ಹೊಲ ಬೀಳು ಬಿಟ್ಟವರಿಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಮಣ್ಣಿನ ಜೊತೆಗೆ ಆರಾಮಣ್ಣನೂ ವಿಶ್ರಾಂತಿ ತೆಗೆದುಕೊಂಡ. ನಿಯಮ ಒಂದೇ: ತಿನ್ನುವಂಥದ್ದೇನೂ ಆ ನೆಲದಲ್ಲಿ ಬೆಳೆದಿರಕೂಡದು. ಬಿತ್ತಿದ ಕಾಲದಲ್ಲೇ ನೆಟ್ಟಗೆ ಬೆಳೆಯದಿದ್ದ ಆ ಹೊಲದ ಮೇಲೆ ಅವನಿಗೆ ಪೂರ್ಣ ಭರವಸೆಯಿತ್ತು.

ಸಂಜೆ ನಾಲ್ಕಕ್ಕೆ ಅಧಿಕಾರಿ ತಪಾಸಣೆಗೆ ಬರುತ್ತಾರೆ ಎಂದು ತಿಳಿದ ಬೆಳಿಗ್ಗೆ, ಆರು ತಿಂಗಳ ಮೇಲೆ ಅವನು ಹೊಲಕ್ಕೆ ಕಾಲಿಟ್ಟ. ಮೊಣಕಾಲೆತ್ತರದ ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ನಡೆದು ಮುಗ್ಗರಿಸಿದ. ಎಡವಿದ್ದು ಕಲ್ಲನ್ನಲ್ಲ, ಕುಂಬಳಕಾಯಿಯನ್ನು. ಹೆಂಡತಿ ಬೇಲಿಯಾಚೆ ಎಸೆದ ಬೀಜ ಬಳ್ಳಿಯಾಗಿ ಹೊಲವನ್ನೆಲ್ಲ ಸುತ್ತಾಡಿತ್ತು. ಎಣಿಸಿದರೆ ಮೂವತ್ತೇಳು ಕಾಯಿ. ಒಂದೊಂದೂ ಮದುವೆಯೂಟ ಮುಗಿಸಿದ ಬೀಗರಂತೆ ಹೊಟ್ಟೆ ಉಬ್ಬಿಸಿಕೊಂಡು ಒರಗಿತ್ತು.

ಓಡಿ ಬಂದು ಹೇಳಿದರೆ ಹೆಂಡತಿ ತಲೆಯೆತ್ತಲಿಲ್ಲ. "ಸರ್ಕಾರದ ದುಡ್ಡು ತಪ್ಪಿದ್ರೆ ಸೋಮವಾರದಿಂದ ನಮ್ಮಣ್ಣನ ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಹೋಗಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೀತಾನೆ."

ಬೆಳಿಗ್ಗೆ ಆರು ಗಂಟೆ ಎಂಬುದೊಂದಿದೆ ಎಂದು ಆರಾಮಣ್ಣ ಕೇಳಿದ್ದನೇ ಹೊರತು ನೋಡಿರಲಿಲ್ಲ.

ಮೊದಲ ಕಾಯಿಯನ್ನು ಗೋಣಿಯಲ್ಲಿ ಸುತ್ತಿ ಹೊರಟವನನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಡೆದು ವಿಚಾರಿಸಿದರು. ಗುಟ್ಟು ಎಂದು ಆಣೆ ಹಾಕಿಸಿಕೊಂಡೇ ಹೇಳಿದ. ಹತ್ತು ನಿಮಿಷದಲ್ಲಿ ಇಡೀ ಬೀದಿ ಹೊಲದಲ್ಲಿ ನೆರೆದಿತ್ತು. ಹೂಳಿಬಿಡೋಣ ಎಂದವರಿದ್ದರು. ಬೀದಿಯ ಟೈಲರು ಟೇಪು ಹಿಡಿದು ಕಾಯಿಗಳ ಸೊಂಟ ಅಳೆದು, ಇಷ್ಟು ದೊಡ್ಡ ಗುಂಡಿ ಎರಡು ದಿನಕ್ಕೂ ಆಗದು ಎಂದ. ಕೊನೆಗೆ ಮೇಷ್ಟ್ರೇ ದಾರಿ ತೋರಿಸಿದರು: ಮನೆಗೆ ನಾಲ್ಕೈದರಂತೆ ಎಲ್ಲರ ಹಿತ್ತಲಲ್ಲೂ ಬಚ್ಚಿಡುವುದು. ನೆರೆಯವನ ಕಷ್ಟಕ್ಕೆ ಬೀದಿಗೆ ಬೀದಿಯೇ ಕರಗಿತು. ದಪ್ಪ ಕಾಯಿಗಾಗಿ ಸಣ್ಣ ಜಗಳವೂ ಆಯಿತು. ಬಳ್ಳಿಯನ್ನು ಬುಡಸಮೇತ ಕಿತ್ತು ದನಗಳಿಗೆ ಹಾಕಿದರು. ಹೊರುವ ಕೆಲಸ ಮಾತ್ರ ಆರಾಮಣ್ಣನದೇ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ ಅವನ ಬೆನ್ನು ಸುತ್ತಿಗೆ ತಪ್ಪಿ ಬಿದ್ದ ಮೊಳೆಯಂತೆ ಬಾಗಿತ್ತು.

ನಾಲ್ಕರ ಹೊತ್ತಿಗೆ ಕೊನೆಯ ಕಾಯಿ ಕೈಜಾರಿ ಇಳಿಜಾರಿನಲ್ಲಿ ಉರುಳಿ ನಿಂತದ್ದು ಅಧಿಕಾರಿಯ ಜೀಪಿನ ಮುಂದೆ.

"ಇದು ಯಾರದ್ರೀ?" ಎಂದು ಅಧಿಕಾರಿ ಇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಆರಾಮಣ್ಣನ ಕೈ ತಾನಾಗಿ ಹೆಗಲಿಗೆ ಹೋಯಿತು. ಮೇಷ್ಟ್ರು ಮುಂದೆ ಬಂದರು.

"ನಂದೇ ಸಾರ್. ನಮ್ಮ ಹಿತ್ತಲದ್ದು."

ಆರಾಮಣ್ಣನಿಗೆ ಅವರ ಕಾಲಿಗೆ ಬೀಳುವಷ್ಟು ಕೃತಜ್ಞತೆ ಉಕ್ಕಿತು. ನೋಯುವ ಬೆನ್ನು ಬಿಡಲಿಲ್ಲ.

ಅಧಿಕಾರಿ ಹೊಲವನ್ನು ಸುತ್ತಿ ಬಂದು, ಒಂದು ಬಳ್ಳಿಯಾದರೂ ಇಲ್ಲವೇ ಎಂದು ಎರಡೆರಡು ಸಲ ಕೇಳಿದರು.

"ನನ್ನಾಣೆಗೂ ಇಲ್ಲ ಸಾರ್. ಹುಲ್ಲು ಕೂಡ ನನ್ನ ಕೇಳದೆ ಬೆಳೆದಿರೋದು."

"ಯೋಚನೆ ಮಾಡಿ ಸಹಿ ಹಾಕಿ."

ತನ್ನ ನೆಲದಲ್ಲಿ ಏನೇನೂ ಬೆಳೆದಿಲ್ಲ ಎಂಬ ಹೇಳಿಕೆಗೆ ಆರಾಮಣ್ಣ ಬಾಲ ಎಳೆದು ಸಹಿ ಹಾಕಿದ. ಅಧಿಕಾರಿ ಕಾಗದ ಮಡಚಿ ನಿಟ್ಟುಸಿರಿಟ್ಟರು.

"ಬೀಳು ಬಿಡೋ ಯೋಜನೆ ಹೋದ ತಿಂಗಳೇ ನಿಂತೋಯ್ತು. ಈ ವರ್ಷ ಸಹಾಯಧನ ಕುಂಬಳಕಾಯಿಗೆ. ಹೊಲವೋ ಹಿತ್ತಲೋ, ಕಾಯಿಗೆ ಇಷ್ಟು ಅಂತ. ನಿಮ್ಮಲ್ಲಿ ಒಂದಾದ್ರೂ ಇದ್ದಿದ್ರೆ ಬರ್ಕೊಳ್ತಿದ್ದೆ ನೋಡಿ."

ಆರಾಮಣ್ಣ ಬಾಯಿ ತೆರೆದ. ಅವನ ಸಹಿ ಅಧಿಕಾರಿಯ ಜೇಬಿನಲ್ಲಿತ್ತು, ಬಾಯಿ ಮುಚ್ಚಿದ.

ಆಮೇಲೆ ಅಧಿಕಾರಿ ಹಿತ್ತಲಿಂದ ಹಿತ್ತಲಿಗೆ ಹೋಗಿ ಎಣಿಸಿದರು. ಬೆಳಿಗ್ಗೆ ಸಂಜೆ ತಾನೇ ನೀರು ಹೊತ್ತೆನೆಂದು ಮೇಷ್ಟ್ರು ವಿವರಿಸಿದರು. ಟೈಲರು ಪ್ರತಿ ಕಾಯಿಯ ಅಳತೆಯನ್ನೂ ಬಾಯಿಪಾಠ ಒಪ್ಪಿಸಿದ. ಆರಾಮಣ್ಣ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ನೋಡಿದ. ಒಳಗೆ ಹೆಂಡತಿ ಅಣ್ಣನಿಗೆ ಫೋನ್ ಮಾಡುತ್ತಿದ್ದಳು.

ಜೀಪು ಹೋದ ಮೇಲೆ ಮೇಷ್ಟ್ರ ಹೆಂಡತಿ ಬಂದು, ಇದ್ದುದರಲ್ಲಿ ಸಣ್ಣದೊಂದು ಕುಂಬಳಕಾಯಿಯನ್ನು ಅವನ ಪಕ್ಕದಲ್ಲಿಟ್ಟರು.

"ಇಟ್ಕೋಪ್ಪ," ಎಂದರು ಕನಿಕರದಿಂದ. "ಪಾಪ, ನಿಮ್ಮ ಹೊಲದಲ್ಲಿ ಏನೂ ಬೆಳೆದಿಲ್ವಂತಲ್ಲ."