ಚಾರ್ಜಿಂಗ್ ಪೋರ್ಟಿಗೆ ಮೂರು ಪಟ್ಟೆ ವಿಭೂತಿ

ನಮ್ಮ ಮನೆಗೆ ಯಾರೇ ನೆಂಟರು ಬರಲಿ, ಅವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಅಪ್ಪ ಆ ಕಥೆ ಶುರು ಮಾಡಿರುತ್ತಾರೆ: ‘ನಮ್ಮ ಹುಡುಗಿ ಗೆದ್ದೇಬಿಟ್ಟಿದ್ದ ವಾದವನ್ನ ನಮ್ಮಮ್ಮ ಒಂದೇ ಮಾತಲ್ಲಿ ಮುಗಿಸಿಬಿಟ್ರು!’ ಮೊದಲ ಆಕ್ಷೇಪಣೆ: ಅಪ್ಪ ಆವತ್ತು ಅಲ್ಲಿರಲೇ ಇಲ್ಲ. ಎರಡನೆಯದು: ಅವರು ಕಥೆಯನ್ನು ನಿಲ್ಲಿಸುವ ಜಾಗ ತಪ್ಪು. ಐದು ವರ್ಷ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು ಬಾಯಿ ಬಿಡದಂತೆ ಮಾಡಿದ ನನಗೆ ಮನೆಯಲ್ಲಿ ಮಾತ್ರ ಆಕ್ಷೇಪಣೆ ಎತ್ತಲು ಅವಕಾಶವಿಲ್ಲ. ನಾನು ಗೆದ್ದು ತಂದ ಕಪ್ಪುಗಳಲ್ಲಿ ಅಮ್ಮ ಸಾಸಿವೆ, ಮೆಂತ್ಯ ತುಂಬಿಟ್ಟಿದ್ದಾರೆ ಎಂದರೆ ನನ್ನ ಸ್ಥಾನಮಾನ ನಿಮಗೆ ಅರ್ಥವಾಗಬಹುದು. ಆದ್ದರಿಂದ ನಡೆದದ್ದು ನಡೆದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗ ಈಗಲೂ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ಅಷ್ಟು ಸೊಗಸಾದ ವಾದವನ್ನು ನಾನು ಜೀವನದಲ್ಲಿ ಇನ್ನೊಂದು ಮಂಡಿಸಿಲ್ಲ!

ನಮ್ಮ ಚಾಮರಾಜಪೇಟೆ ಮನೆಯ ಎಲೆಕ್ಟ್ರಿಕ್ ಸ್ಕೂಟರ್ ಓಡಿಸುವವಳು ನಾನು. ಓನರ್ ಮಾತ್ರ ನಮ್ಮಜ್ಜಿ. ಅಜ್ಜಿಯ ಹೆಸರಲ್ಲಿ ಕೊಂಡದ್ದು ಯಾವುದೂ ಕೆಡುವುದಿಲ್ಲ ಎಂಬುದು ಅಪ್ಪನ ಅಚಲ ನಂಬಿಕೆ. ಫ್ರಿಜ್ಜು, ಮಿಕ್ಸಿ, ಗೀಸರ್ ಎಲ್ಲದರ ಬಿಲ್ಲೂ ಅವರ ಹೆಸರಿಗೇ. “ಮಿಕ್ಸಿ ಮೂರು ಸಲ ರಿಪೇರಿಗೆ ಹೋಗಿದೆಯಲ್ಲಪ್ಪ?” ಎಂದರೆ, “ರಿಪೇರಿ ಆಯ್ತು ಅಂದ್ಮೇಲೆ ಕೆಟ್ಟಿಲ್ಲ ಅಂತ ತಾನೆ ಅರ್ಥ?” ಎನ್ನುತ್ತಾರೆ. ಇಂಥ ತರ್ಕಕ್ಕೆ ಯಾವ ಸ್ಪರ್ಧೆಯಲ್ಲೂ ನನಗೆ ಉತ್ತರ ಕಲಿಸಲಿಲ್ಲ.

ಸ್ಕೂಟರ್ ಬಂದ ದಿನ ಮನೆಯವರೆಲ್ಲ ಬಣ್ಣ ನೋಡಿದರು, ನಾನು ವಾರಂಟಿ ಪುಸ್ತಕ ಓದಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದೇ ಉಸಿರಿಗೆ! ಏನು ರೋಚಕ ಅಂತೀರಿ! ಮೊದಲ ಅಧ್ಯಾಯದಲ್ಲಿ ಬ್ಯಾಟರಿ, ಮೋಟರು, ಚಾರ್ಜರು ಎಲ್ಲಕ್ಕೂ ನಾವಿದ್ದೇವೆ ಎಂಬ ಅಭಯ. ಪುಟ ತಿರುಗಿಸಿದರೆ ‘ಮಾಲೀಕರ ಜವಾಬ್ದಾರಿಗಳು’. ಪೈಪಿನಲ್ಲಿ ನೀರು ಹೊಡೆಯಬೇಡಿ, ಎಕ್ಸ್‌ಟೆನ್ಶನ್ ಬೋರ್ಡಿನಿಂದ ಚಾರ್ಜು ಮಾಡಬೇಡಿ, ಸರ್ವಿಸ್ ತಪ್ಪಿಸಬೇಡಿ. ಇದರಲ್ಲಿ ಒಂದು ತಪ್ಪಿದರೂ ಆ ಅಭಯ ವಾಪಸ್. ನಮ್ಮ ಬೀದಿಯಲ್ಲಿ ಇಂಥ ಸ್ಕೂಟರು ಏಳೆಂಟಿವೆ. ಪುಸ್ತಕ ಓದಿದವಳು ನಾನೊಬ್ಬಳೇ ಎಂದು ಹೆಮ್ಮೆಪಡುತ್ತಾ, ಆಗಾಗ ಅದನ್ನು ಮತ್ತೆ ತಿರುವಿಹಾಕುತ್ತಾ ಓಡಾಡಿದೆ.

ಎಂಟು ತಿಂಗಳಾದ ಮೇಲೆ ಒಂದು ದಿನ ಗಾಡಿ ಚಾರ್ಜು ಆಗುವುದನ್ನೇ ನಿಲ್ಲಿಸಿತು. ಚಾರ್ಜರು ಸಿಕ್ಕಿಸಿದರೆ ಕೆಂಪು ದೀಪ ಮಿಣಮಿಣ, ಅಷ್ಟೇ. ವಾರಂಟಿಗೆ ಓನರ್ ಸಹಿ ಬೇಕು ಎಂದು ಸರ್ವಿಸ್ ಸೆಂಟರಿನವರು ಹೇಳಿದ್ದರಿಂದ, ಸ್ಕೂಟರನ್ನು ಲಗೇಜ್ ಆಟೋದಲ್ಲಿ ಮುಂದೆ ಕಳಿಸಿ, ನಾನೂ ಅಜ್ಜಿಯೂ ಹಿಂದಿನಿಂದ ಆಟೋ ಹಿಡಿದೆವು. ಕಂಕುಳಲ್ಲಿ ಆ ಪುಸ್ತಕ. ಕುರುಕ್ಷೇತ್ರಕ್ಕೆ ಹೊರಟ ಉತ್ಸಾಹ!

ಅಲ್ಲಿದ್ದ ಅಡ್ವೈಸರ್ ಕಿರಣ್ ಎಂಬ ಮೆತ್ತಗಿನ ಮನುಷ್ಯ. ಚಾರ್ಜಿಂಗ್ ಪೋರ್ಟಿನ ಮುಚ್ಚಳ ತೆಗೆದವನೇ ಟಾರ್ಚು ಬಿಟ್ಟು ನೋಡಿದ.

“ಮೇಡಂ, ಒಳಗೆಲ್ಲ ಬಿಳೀದು ಏನೋ ಗಟ್ಟಿಯಾಗ್ ಕೂತಿದೆ.”

“ಧೂಳು. ಬೆಂಗಳೂರು ರೋಡ್ ನೋಡಿಲ್ವಾ ನೀವು?”

ಅವನು ಬೆರಳಿಗೆ ಸ್ವಲ್ಪ ತೆಗೆದು ಮೂಸಿದ. “ಧೂಳು ಇಷ್ಟು ಘಮ್ ಅನ್ನಲ್ಲ ಮೇಡಂ. ಇದು ವಿಭೂತಿ. ಪಿನ್ನೆಲ್ಲ ಸುಟ್ಟೋಗಿದೆ. ಹೊರಗಿನ ವಸ್ತು ಹೋದ್ರೆ ವಾರಂಟಿ ಬರಲ್ಲ. ಪೂರ್ತಿ ಯೂನಿಟ್ ನೀವೇ ದುಡ್ಡು ಕೊಟ್ಟು ಹಾಕಿಸ್ಬೇಕು.”

ಓನರ್ ಅಂದರೆ ಅಜ್ಜಿ. ದುಡ್ಡು ಅಂದರೆ ಅವರ ಎರಡು ತಿಂಗಳ ಪಿಂಚಣಿ. ನನ್ನ ಕಿವಿ ಬಿಸಿಯಾಯಿತು. ಜೊತೆಗೆ ತಲೆಗೆ ಒಂದು ಉಪಾಯವೂ ಹೊಳೆಯಿತು. ಫೋನ್ ತೆಗೆದು ಡೆಲಿವರಿ ದಿನದ ಫೋಟೋ ಅವನ ಮುಖಕ್ಕೆ ಹಿಡಿದೆ. ಅಜ್ಜಿ ರಟ್ಟಿನ ದೊಡ್ಡ ಕೀ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಶೋರೂಮಿನವನೇ ಬಗ್ಗಿಕೊಂಡು ಆ ಪೋರ್ಟಿನ ಮುಚ್ಚಳದ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದಾನೆ!

“ಯೂನಿಫಾರಂ ನಿಮ್ದು, ಶೋರೂಮ್ ನಿಮ್ದು, ವಿಭೂತೀನೂ ನಿಮ್ದು. ಹೊರಗಿನ ವಸ್ತು ಗಾಡಿಗೆ ಸೇರಿದ್ದು ಅಸಲಿ ಕೀ ನಮ್ ಕೈಗೆ ಬರೋಕೆ ಮುಂಚೆ. ಅಂದ್ಮೇಲೆ ಅದು ಓನರ್ ತಪ್ಪು ಹೇಗಾಗತ್ತೆ, ಹೇಳಿ?”

ಆಹಾ! ಹಿಂದೆ ಕಾಯುತ್ತಿದ್ದ ಹೆಲ್ಮೆಟ್ಟಿನವನೊಬ್ಬ “ಸಕ್ಕತ್ತಾಗ್ ಹಾಕುದ್ರಿ ಮೇಡಂ!” ಎಂದ. ಕಿರಣ್ ಫೋನನ್ನು ಮ್ಯಾನೇಜರ್ ರೂಮಿಗೆ ಒಯ್ದ. ಗಾಜಿನಾಚೆ ಮ್ಯಾನೇಜರು ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕೊನೆಗೆ ಹಣೆ ಒರೆಸಿಕೊಂಡರು. ಕಿರಣ್ ಒಂದು ಕನ್ನಡ ಫಾರಂ ಹಿಡಿದು ನಗುತ್ತಾ ಹೊರಬಂದ. “ಒಪ್ಕೊಂಡ್ರು ಮೇಡಂ. ಫ್ರೀಯಾಗಿ ಹಾಕ್ಕೊಡ್ತೀವಿ. ಇಲ್ಲೊಂದು ಸೈನ್ ಹಾಕಿ ಅಜ್ಜಿ, ಮುಗೀತು.”

ಇಲ್ಲಿ ನಾನೊಂದು ವಿಷಯ ಮರೆತಿದ್ದೆ. ನಮ್ಮಜ್ಜಿ ಸುಲ್ತಾನ್‌ಪೇಟೆಯ ನಮ್ಮ ತಾತನ ಅಚ್ಚಿನ ಅಂಗಡಿಯಲ್ಲಿ ಮೂವತ್ತು ವರ್ಷ ಲಗ್ನಪತ್ರಿಕೆಯ ಪ್ರೂಫ್ ನೋಡಿದವರು. ಗಿರಾಕಿ ಪ್ರೂಫಿಗೆ ಸಹಿ ಹಾಕಿದ ಮೇಲೆ ಏನೇ ತಪ್ಪಿದ್ದರೂ ಅದು ಗಿರಾಕಿಯದೇ. ಓದದೆ ಸಹಿ ಹಾಕಿ, ಎದುರಿಗೆ ಕೂತು ಊಟ ಮಾಡುತ್ತಿದ್ದ ಬೀಗರ ಹೆಸರಿನ ಹಿಂದೆ ‘ದಿವಂಗತ’ ಅಚ್ಚು ಹಾಕಿಸಿಕೊಂಡವರನ್ನು ಅಜ್ಜಿ ಕಂಡಿದ್ದಾರೆ. ಹಾಗಾಗಿ ಅವರು ಕನ್ನಡಕ ಏರಿಸಿ ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಓದಿದರು.

“‘ವಾಹನವು ನನ್ನ ವಶಕ್ಕೆ ಬಂದ ನಂತರ ಚಾರ್ಜಿಂಗ್ ಪೋರ್ಟಿಗೆ ಯಾವುದೇ ಹೊರವಸ್ತು ಹಚ್ಚಿರುವುದಿಲ್ಲ.’ ಅಲ್ಲಪ್ಪ, ನಾನು ಪ್ರತಿ ಸೋಮವಾರ ಹಚ್ತೀನಲ್ಲ?”

“ಅಜ್ಜಿ, ಸುಮ್ನಿರಜ್ಜಿ,” ಎಂದೆ ನಾನು.

“ಮೇಲ್ ಮೇಲೆ ತಾನೆ ಅಜ್ಜಿ? ಮುಚ್ಚಳಕ್ಕೆ?” ಕಿರಣ್ ನನಗಿಂತ ಹೆಚ್ಚು ಅಂಗಲಾಚುತ್ತಿದ್ದ.

“ಮುಚ್ಚಳಕ್ಕೆ ಹಚ್ಚಿದ್ರೆ ಏನ್ ಬಂತು? ಕರೆಂಟ್ ಹೋಗೋದು ಒಳಗಲ್ವಾ? ಮುಚ್ಚಳ ತೆಗೆದು, ಬೆರಳು ಚೆನ್ನಾಗ್ ನೀರಲ್ಲಿ ಅದ್ದಿ, ವಿಭೂತಿ ಗಟ್ಟಿ ತೇಯ್ದು ಮೂರ್ ಪಟ್ಟೆ ಎಳೀತೀನಿ. ಒಣಗಿದ್ದು ಹಿಡಿಯಲ್ಲ ನೋಡು.”

ಹೆಲ್ಮೆಟ್ಟಿನವನು ಹೆಲ್ಮೆಟ್ ಹಾಕಿಕೊಂಡು ಹೊರಟೇ ಹೋದ. ಅಪ್ಪನ ಕಥೆ ಇಲ್ಲಿಗೆ ಮುಗಿಯುತ್ತದೆ. ನೆಂಟರು ನಗುತ್ತಾರೆ. ಆದರೆ ಅಜ್ಜಿ ಅಲ್ಲಿಗೆ ನಿಲ್ಲಿಸಿರಲಿಲ್ಲ. ಮುಂದಿನದನ್ನು ಅವರೂ ಯಾರಿಗೂ ಹೇಳಿಲ್ಲ, ನಾನೂ ಹೇಳಿಲ್ಲ.

“ಹಚ್ಬಾರ್ದು ಅಂತ ಎಲ್ಲಾದ್ರೂ ಬರ್ದಿದ್ಯೇನಪ್ಪ?” ಎಂದು ಅಜ್ಜಿ ಕೇಳಿದರು. ಕಿರಣ್ ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ತೆಗೆದುಕೊಂಡು, ಆ ಇಂಗ್ಲಿಷ್ ಸಾಲನ್ನು ಹುಡುಕಿ ಕನ್ನಡದಲ್ಲಿ ಹೇಳಿದ: ಪೋರ್ಟಿನ ಒಳಭಾಗವನ್ನು ಒಣಗಿರುವಂತೆ, ಶುಚಿಯಾಗಿ ಇಟ್ಟುಕೊಳ್ಳುವುದು ಮಾಲೀಕರ ಜವಾಬ್ದಾರಿ.

“ಮಾಲೀಕರು ಅಂದ್ರೆ ನಾನೇ ಅಲ್ವಾ?”

“ಹೌದಜ್ಜಿ.”

“ಒಂದ್ ಮಾತ್ ಹೇಳಿದ್ರೆ ಹೊರಗಡೆನೇ ಹಚ್ತಿದ್ನಲ್ಲಪ್ಪ,” ಎನ್ನುತ್ತಾ ಅಜ್ಜಿ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಆದರೆ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿತ್ತು. ಪಕ್ಕದ ಖಾಲಿ ಜಾಗದಲ್ಲಿ ಕನ್ನಡದಲ್ಲಿ, ದುಂಡಗೆ, ‘ಅಜ್ಜಿಯ ಸೋಮವಾರ! ಹ್ಹ ಹ್ಹ!’ ಎಂದು ಬರೆದಿತ್ತು. ಮೂವತ್ತು ವರ್ಷ ಪ್ರೂಫ್ ನೋಡಿದ ಕಣ್ಣು ಅದರ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿತು.

“ಇದು ನಿನ್ ಅಕ್ಷರ ಅಲ್ವೇನೇ, ಪುಟ್ಟಿ? ಎಂಟು ತಿಂಗ್ಳು ನಾನ್ ಹಚ್ಚೋವಾಗ್ಲೆಲ್ಲ ಪಕ್ಕದಲ್ಲೇ ನಿಂತ್ಕೊಂಡಿದ್ಯಲ್ಲ, ಯಾಕೆ ನಂಗೆ ಹೇಳ್ಲಿಲ್ಲ?”