ನಿಧಾನಪ್ಪನ ಗ್ರಾಫಿಕ್ಸ್ ಕಾರ್ಡು

ಇಡೀ ದಿನ ಬಸ್ಸು ಓಡಿಸಿದವನಿಗೆ ಮನೆಗೆ ಬಂದಮೇಲೂ ಬಸ್ಸನ್ನೇ ಓಡಿಸಬೇಕು ಅನ್ನಿಸಿದರೆ ಅದಕ್ಕೆ ಹುಚ್ಚು ಅನ್ನಬೇಕೋ, ಕರ್ತವ್ಯನಿಷ್ಠೆ ಅನ್ನಬೇಕೋ, ನೀವೇ ಹೇಳಿ. ನಮ್ಮ ನಿಧಾನಪ್ಪನಿಗೆ ಹತ್ತಿಕೊಂಡಿದ್ದು ಇದೇ ಕಾಯಿಲೆ.

ನಿಧಾನಪ್ಪ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಡಿಪೋದವರು ದಯಪಾಲಿಸಿದ ಬಿರುದು. ಇಪ್ಪತ್ತೆರಡು ವರ್ಷದಿಂದ ಒಂಬತ್ತನೇ ನಂಬರ್ ಬಸ್ಸಿನ ಡ್ರೈವರ್. ಬಸ್ಸಿಗೆ ಒಂದು ಗೀರು ಬಿದ್ದಿಲ್ಲ, ಬೀದಿಯ ಒಂದು ನಾಯಿಮರಿ ಕೂಡ ಅವನ ಮೇಲೆ ದೂರು ಹೇಳಿದ್ದಿಲ್ಲ. ಹೇಗೆ ಹೇಳೀತು? ದಾರಿಯುದ್ದಕ್ಕೂ ಮೂವತ್ತನಾಲ್ಕು ಸ್ಟಾಪು, ಹದಿನೇಳು ಸಿಗ್ನಲ್ಲು. ಬಸ್ಸು ಎರಡನೇ ಗೇರು ದಾಟಿ ಮೂರಕ್ಕೆ ಬರುವಷ್ಟರಲ್ಲಿ ಮುಂದಿನ ಸ್ಟಾಪು ಎದುರಿಗೇ ನಿಂತಿರುತ್ತಿತ್ತು. ನಾಲ್ಕನೇ ಗೇರನ್ನು ಅವನು ಕೊನೆಯ ಸಲ ಮುಟ್ಟಿದ್ದು ಟ್ರೈನಿಂಗಿನಲ್ಲಿ. (ಐದನೆಯದೂ ಒಂದಿದೆ ಅಂತ ಕೇಳಿ ಮಾತ್ರ ಗೊತ್ತು.)

ಹೀಗಿದ್ದವನು ಒಂದು ದಿನ ಡಿಪೋದ ಟೈಮ್‌ಕೀಪರ್ ಮನೆಗೆ ಹೋಗಿ, ಅಲ್ಲಿ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ ನೋಡಿಬಿಟ್ಟ. ಬೆಟ್ಟದ ರಸ್ತೆ, ಕೆಳಗೆ ನೀಲಿ ಸಮುದ್ರ, ನರಪಿಳ್ಳೆ ಇಲ್ಲದ ದಾರಿ. ಚಿಲ್ಲರೆ ಜಗಳವಿಲ್ಲ, ಹಿಂದಿನಿಂದ ದಬದಬ ಬಡಿಯುವವರಿಲ್ಲ. ನೋಡನೋಡುತ್ತಿದ್ದಂತೆ ಟೈಮ್‌ಕೀಪರ್ ಐದನೇ ಗೇರಿಗೆ ಹಾಕಿಯೇಬಿಟ್ಟ! ಜೀವಮಾನದಲ್ಲಿ ಡಿಪೋದ ಗೇಟು ಬಿಟ್ಟು ಬಸ್ಸು ಓಡಿಸದ ಆಸಾಮಿ ಅವನು. ನಿಧಾನಪ್ಪನ ಹೊಟ್ಟೆಯೊಳಗೆ ಬೆಂಕಿ ಬಿತ್ತು.

"ಇದು ಯಾವ ಕಂಪ್ಯೂಟರಲ್ಲಾದ್ರೂ ಬರುತ್ತಾ?" ಅಂತ ಕೇಳಿದ.

"ಇಲ್ಲಪ್ಪ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇರೋದು ಬೇಕು. ದೊಡ್ಡದು, ಭಾರದ್ದು, ದುಬಾರಿದು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅನ್ನೋ ಹಾಗೆ, ಅದೇ ವಾರ ಹೆಂಡತಿ ಲ್ಯಾಪ್‌ಟಾಪ್ ಕೊಳ್ಳುವ ಮಾತೆತ್ತಿದಳು.

ಅವಳು ಹನ್ನೊಂದು ವರ್ಷ ಒಬ್ಬ ಕಂಟ್ರಾಕ್ಟರನ ಹತ್ತಿರ ಅಡುಗೆಮನೆ, ಬೀರು, ಕಪಾಟುಗಳ ಡ್ರಾಯಿಂಗ್ ಮಾಡಿ ಸವೆದವಳು. ಡ್ರಾಯಿಂಗ್ ಇವಳದು, ಹೆಸರು ಅವನದು. ಹೋದ ತಿಂಗಳು ರೋಸಿಹೋಗಿ ಕೆಲಸ ಬಿಟ್ಟು ಸ್ವಂತ ಶುರುಮಾಡಿದ್ದಳು. ಮೊದಲ ಗಿರಾಕಿ ಒಬ್ಬ ನಿವೃತ್ತ ಹೆಡ್ ನರ್ಸಮ್ಮ. ಹೊಸ ಮನೆ, ಎಲ್ಲಾ ಕೋಣೆಗೂ ಮರದ ಕೆಲಸ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ಡಿಸೈನ್ ತೋರಿಸಬೇಕು. ಆ ಕೆಲಸ ಸಿಕ್ಕರೆ ಇವಳದೇ ಹೆಸರಿನ ಬೋರ್ಡು. ಸಿಗದಿದ್ದರೆ ಮತ್ತೆ ಕಂಟ್ರಾಕ್ಟರನ ಮುಂದೆ ಕೈಕಟ್ಟಿ ನಿಲ್ಲಬೇಕು. "ಅದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳೋದು ವಾಸಿ" ಅಂತ ಅವಳೇ ಹೇಳಿದ್ದಳು.

"ಸಣ್ಣದೊಂದು ನೋಡಿದ್ದೀನಿ ರೀ" ಅಂದಳು. "ಸರಿಯಾಗಿ ಒಂದು ಕೆಜಿ. ಬೆಲೇನೂ ಕಮ್ಮಿ. ಚಾರ್ಜು ಇಡೀ ದಿನ ಬರುತ್ತಂತೆ. ಹ್ಯಾಂಡ್‌ಬ್ಯಾಗಲ್ಲೇ ಹಾಕ್ಕೊಂಡು ಹೋಗಬಹುದು."

"ಅಯ್ಯೋ ಹುಚ್ಚಿ! ಅದು ಲ್ಯಾಪ್‌ಟಾಪಲ್ಲ ಕಣೇ, ಸ್ಲೇಟು. ನಿನ್ನ ಬೀರುವಿನ ಭಾರ ಅದು ತಡೆಯುತ್ತಾ?"

"ಬೀರು ತಗೊಂಡು ಅದರ ಮೇಲೆ ಇಡ್ತೀನಾ? ಚಿತ್ರ ತಾನೇ?"

"ಚಿತ್ರ ಆದ್ರೂ ಮರ ಮರವೇ. ಬಾಗಿಲು ತೆಗೆದು ತೋರಿಸೋವಾಗ ಅರ್ಧಕ್ಕೇ ನಿಂತುಹೋದ್ರೆ ಆ ನರ್ಸಮ್ಮನ ಮುಂದೆ ನಿನ್ನ ಮಾನ ಏನಾಗ್ಬೇಕು? ಈ ಕೆಲಸಕ್ಕೆ ಬೇಕಾಗಿರೋದು ಗ್ರಾಫಿಕ್ಸ್ ಕಾರ್ಡು!"

ಪಕ್ಕದಲ್ಲಿ ಓದುತ್ತಾ ಕೂತಿದ್ದ ಕಾಲೇಜಿನ ಮಗಳು ತಲೆ ಎತ್ತಿದಳು. "ಅಪ್ಪ, ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಏನು?"

"ಅಂದ್ರೆ... ಒಂದು ಕಾರ್ಡು. ಗ್ರಾಫಿಕ್ಸ್‌ದು."

"ಹೋದ ವಾರ ಫೋನಿನ ಅಲಾರಂ ಆಫ್ ಮಾಡೋಕೆ ಬರದೆ ನನ್ನನ್ನ ಎಬ್ಬಿಸಿದವನು ನೀನೇ ತಾನೇ?"

"ನೀನು ಓದ್ಕೋ. ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕ್ಬೇಡ."

"ಅದೆಲ್ಲಾ ಸರಿ" ಅಂದಳು ಹೆಂಡತಿ. "ಆ ಗುಂಡುಕಲ್ಲನ್ನ ಮನೆಮನೆಗೆ ಹೊರೋರು ಯಾರು?"

"ನಾನೇನು ಸತ್ತುಹೋಗಿದ್ದೀನಾ? ಗುರುವಾರ ನನಗೆ ವಾರದ ರಜೆ. ಬೆನ್ನ ಮೇಲೆ ಹೊತ್ಕೊಂಡು ಬರ್ತೀನಿ!"

ಮದುವೆಯಾಗಿ ಇಪ್ಪತ್ತು ವರ್ಷ, ರಜೆಯ ದಿನ ತರಕಾರಿ ಚೀಲ ಹಿಡಿ ಅಂದರೆ ಸೊಂಟ ಹಿಡಿದುಕೊಳ್ಳುತ್ತಿದ್ದ ಗಂಡ! ಅವನ ಬಾಯಲ್ಲಿ ಇಂಥ ಮಾತು ಕೇಳಿ ಅವಳ ಮನಸ್ಸು ಕರಗಿಹೋಯಿತು. ತನ್ನ ಕೆಲಸದ ಮೇಲೆ ಇವರಿಗೆ ಇಷ್ಟು ಕಾಳಜಿಯೇ ಅಂದುಕೊಂಡಳು, ಪಾಪ.

ಅಂಗಡಿಯಲ್ಲಿ ಸೇಲ್ಸ್‌ನವನು ಸಣ್ಣದನ್ನು ಅವಳ ಅಂಗೈ ಮೇಲಿಟ್ಟಾಗ "ಹೂವಿನ ಹಾಗಿದೆ" ಅಂತ ಅದನ್ನು ಎರಡು ಸಲ ಸವರಿದಳು. ದೊಡ್ಡದನ್ನು ಅವನು ಎರಡೂ ಕೈಯಲ್ಲಿ ತಂದು ಧೊಪ್ಪೆಂದು ಇಟ್ಟ. ಅದರ ಚಾರ್ಜರ್ ಅಂತೂ ಸಾಕ್ಷಾತ್ ಇಟ್ಟಿಗೆ. ನಿಧಾನಪ್ಪ ಅವನನ್ನು ಮೂಲೆಗೆ ಕರೆದು, "ಇದರಲ್ಲಿ ಬೆಟ್ಟದ ರಸ್ತೆ ಚೆನ್ನಾಗಿ ಕಾಣುತ್ತಾ?" ಅಂತ ಪಿಸುಗುಟ್ಟಿದ. ಅವನು ಎಷ್ಟು ಜನ ಗಂಡಂದಿರನ್ನು ನೋಡಿದ್ದನೋ, ನಕ್ಕು ಕಣ್ಣು ಮಿಟುಕಿಸಿದ. ಹೆಂಡತಿ ಕೂಡಿಟ್ಟ ದುಡ್ಡು ತೆಗೆದು ಕೊಡುವಾಗ ನಿಧಾನಪ್ಪನ ಕರುಳು ಚುರುಕ್ ಅಂದಿದ್ದು ನಿಜ. ಆದರೆ ಐದನೇ ಗೇರು ಕಣ್ಣಮುಂದೆ ಬಂದು ಆ ಚುರುಕನ್ನು ಅಲ್ಲೇ ಅದುಮಿಹಾಕಿತು.

ಮೂರು ದಿನ ಕೂತಲ್ಲಿಂದ ಏಳದೆ ಹೆಂಡತಿ ಎಲ್ಲಾ ಕೋಣೆಗಳ ಡಿಸೈನ್ ಮುಗಿಸಿದಳು. ನಡುವೆ ಒಂದು ದಿನ ಟೈಮ್‌ಕೀಪರ್ 'ಕಾಫಿಗೆ' ಅಂತ ಬಂದು, ಅವಳು ಒಳಗೆ ಹೋಗಿದ್ದಾಗ ಆಟವನ್ನು ಅದರೊಳಗೆ ತುರುಕಿ ಹೋದ. ಬುಧವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ, ಪ್ಲೈವುಡ್ಡಿನ ಸ್ಯಾಂಪಲ್ ತರಲು ಹೊರಟಳು. ಮೂರಕ್ಕೆ ಡ್ಯೂಟಿ ಮುಗಿಸಿ ಬಂದ ನಿಧಾನಪ್ಪ ಯೂನಿಫಾರಂ ಕೂಡ ಬಿಚ್ಚದೆ ಹೋಗಿ ಕೂತ. (ಬಸ್ಸು ಹತ್ತೋದು ಅಂದಮೇಲೆ ಯೂನಿಫಾರಂ ಬೇಡವೇ?)

ಬೆಟ್ಟಕ್ಕೆ ಹೋಗುವ ಮುಂಚೆ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು ಅಂದಿತು ಆಟ. "ನನಗಾ? ಪರೀಕ್ಷೆಯಾ?" ಅಂತ ನಿಧಾನಪ್ಪ ಮೀಸೆಯಲ್ಲೇ ನಕ್ಕ.

ಬಸ್ಸು ಹೊರಟಿತು. ಮೊದಲ ಸ್ಟಾಪು ಬಂತು. ಬ್ರೇಕು ಕೀಬೋರ್ಡಿನಲ್ಲಿದೆ, ಬೆರಳಲ್ಲಿ ಒತ್ತಬೇಕು. ಅದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲವಲ್ಲ! ಇಪ್ಪತ್ತೆರಡು ವರ್ಷದ ಅಭ್ಯಾಸಬಲದಿಂದ ಬಲಗಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ತಾನೇ ಬ್ರೇಕು ತುಳಿಯಿತು. ಅಲ್ಲಿದ್ದದ್ದು ಚಾರ್ಜರ್ ಸಿಕ್ಕಿಸಿ ನೆಲದ ಮೇಲಿಟ್ಟಿದ್ದ ಸ್ವಿಚ್ ಬೋರ್ಡು. ಟಕ್ ಅಂತ ಸ್ವಿಚ್ಚು ಆಫಾಯಿತು. ಬಸ್ಸು ಮಾತ್ರ ನಿಲ್ಲಲಿಲ್ಲ. ಸ್ಟಾಪಿನ ಕಂಬ ಬಿತ್ತು, ಹಣ್ಣಿನ ಗಾಡಿ ಹೋಯಿತು. ಇವನು ಹಲ್ಲು ಕಚ್ಚಿ ತುಳಿದಷ್ಟೂ ಅದು ಮುಂದಕ್ಕೇ ನುಗ್ಗಿತು. ಕೊನೆಗೆ ಪರದೆಯ ತುಂಬಾ ಕೆಂಪು ಅಕ್ಷರ: "ಗಾಯಗೊಂಡ ಪ್ರಯಾಣಿಕರು: ಹದಿನಾಲ್ಕು. ಈ ಚಾಲಕ ವಾಹನ ಚಲಾಯಿಸಲು ಅನರ್ಹ."

ಅನರ್ಹ! ಬೇರೆ ಯಾವ ಬೈಗುಳವಾಗಿದ್ದರೂ ಅವನು ಸಹಿಸುತ್ತಿದ್ದನೇನೋ. ಹನ್ನೊಂದು ಸಲ ಪರೀಕ್ಷೆ ಬರೆದ, ಹನ್ನೊಂದು ಸಲವೂ ಲಾಗ. ಪರದೆಯ ಮೂಲೆಯಲ್ಲಿ ಏನೋ ಕೆಂಪಗೆ ಮಿಟುಕುತ್ತಿತ್ತು. ಎಂಜಿನ್ ಬಿಸಿಯಾಗಿರಬೇಕು ಅಂದುಕೊಂಡ. ಅಷ್ಟರಲ್ಲಿ ಗೇಟು ಸದ್ದಾಯಿತು. ಪಟ್ಟನೆ ಲ್ಯಾಪ್‌ಟಾಪ್ ಮುಚ್ಚಿ, ಪೇಪರು ಹಿಡಿದು ಸಾಧುವಿನಂತೆ ಕೂತ.

ಗುರುವಾರ ಬೆಳಿಗ್ಗೆ ಬ್ಯಾಗು ಬೆನ್ನಿಗೇರಿಸಿದ ಕೂಡಲೇ ಅವನ ಸೊಂಟ ಕುಂಯ್ ಅಂದಿತು. ಹೆಂಡತಿ ಚಾರ್ಜರನ್ನೂ ಒಳಗೆ ಹಾಕಲು ಬಂದಳು.

"ಆ ಇಟ್ಟಿಗೆ ಬೇರೆ ಯಾಕೆ? ನಿನ್ನೆಯಿಂದ ಚಾರ್ಜಿಗೆ ಇದೆ. ಫುಲ್ ಟ್ಯಾಂಕು!"

ಅವಳಿಗೂ ಹೌದೆನಿಸಿತು. ಇಟ್ಟಿಗೆ ಮನೆಯಲ್ಲೇ ಉಳಿಯಿತು.

ನರ್ಸಮ್ಮನ ಮನೆ ಮೂರನೇ ಮಹಡಿ. ಲಿಫ್ಟಿಗೆ 'ರಿಪೇರಿಯಲ್ಲಿದೆ' ಅನ್ನೋ ಬೋರ್ಡು. ಏದುಸಿರು ಬಿಡುತ್ತಾ ಹತ್ತಿದಾಗ ಬಾಗಿಲಲ್ಲಿ ನಿಂತಿದ್ದ ಆಕೆ ಗಡಿಯಾರ ನೋಡಿದರು. ಮೂವತ್ತು ವರ್ಷ ಅಪಘಾತದ ವಾರ್ಡು ಆಳಿದ ಹೆಂಗಸು; ಡಾಕ್ಟರುಗಳೇ ಹೆದರುತ್ತಿದ್ದರಂತೆ.

"ಹತ್ತು ಅಂದ್ರೆ ಹತ್ತು. ಈಗ ಹತ್ತೂ ನಾಲ್ಕು. ಹನ್ನೊಂದಕ್ಕೆ ಇನ್ನೊಬ್ಬ ಕಂಟ್ರಾಕ್ಟರ್ ಬರ್ತಾನೆ. ಬೇಗ ತೋರಿಸಮ್ಮ."

ಜೊತೆಗೆ ಅವರು ಹೇಳಿದ ಆ ಕಂಟ್ರಾಕ್ಟರನ ಹೆಸರು ಕೇಳಿ ಹೆಂಡತಿಯ ಮುಖ ಬಿಳಿಚಿತು. ಅದೇ ಹಳೇ ಧಣಿ! ಆದರೂ ಧೈರ್ಯ ತಂದುಕೊಂಡು ಮಲಗುವ ಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪಿಟ್ಟು ತೆರೆದಳು. ನರ್ಸಮ್ಮ ಕನ್ನಡಕ ಏರಿಸಿ ಬಗ್ಗಿದರು.

"ಗಾಯಗೊಂಡ ಪ್ರಯಾಣಿಕರು ಹದಿನಾಲ್ಕು..." ಅಂತ ಗಟ್ಟಿಯಾಗಿ ಓದಿ ಬೆಚ್ಚಿಬಿದ್ದರು. "ಯಾವ ಆಸ್ಪತ್ರೆಗೆ ಸೇರಿಸಿದ್ದಾರೆ?"

"ಅದು... ಆಟ, ಮೇಡಂ" ಅಂದ ನಿಧಾನಪ್ಪ, ನೆಲ ನೋಡುತ್ತಾ.

"ಯಾರು ಆಡಿದ್ದು?"

ಹೆಂಡತಿ ಗಂಡನ ಕಡೆ ತಿರುಗಿದಳು. ಅವಳ ಮುಖ ನೋಡಿದ ಮೇಲೆ ಸುಳ್ಳು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. "ನಾನೇ" ಅಂದ. ಆ ಕ್ಷಣಕ್ಕೇ ಪರದೆ ಒಮ್ಮೆ ಮಿಣುಕಿ, ಕಪ್ಪಾಗಿ, ಲ್ಯಾಪ್‌ಟಾಪು ಕೊನೆಯುಸಿರೆಳೆಯಿತು. ಬಟನ್ ಒತ್ತಿದರೂ ಇಲ್ಲ, ಬೇಡಿಕೊಂಡರೂ ಇಲ್ಲ.

"ಇದಕ್ಕಾ ಗ್ರಾಫಿಕ್ಸ್ ಕಾರ್ಡು?" ಅಂದಳು ಹೆಂಡತಿ. ಬೈಯಲಿಲ್ಲ, ಮೆಲ್ಲಗೆ ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ನಿಧಾನಪ್ಪನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಹನ್ನೊಂದು ವರ್ಷ ದುಡಿದವಳ ಗಂಟನ್ನೆಲ್ಲಾ ತಾನೇ ಮುಳುಗಿಸಿದೆನಲ್ಲಾ ಅಂತ ಮೊದಲ ಸಲ ನಿಜವಾಗಿ ಅರಿವಾಯಿತು.

ನರ್ಸಮ್ಮ ಮತ್ತೆ ಗಡಿಯಾರ ನೋಡಿದರು. ಹೆಂಡತಿ ಮುಂಗೈಯಲ್ಲಿ ಕಣ್ಣೊರೆಸಿಕೊಂಡು, ಚೀಲದಿಂದ ಅಳತೆ ಟೇಪು ತೆಗೆದಳು.

"ರೀ, ಹೋಗಿ ಆ ಗೋಡೆಗೆ ಒರಗಿ ನಿಲ್ಲಿ."

ನಿಂತ. ಗುಂಡು ಹೊಡೆಯುತ್ತಾಳೆ ಅಂದಿದ್ದರೂ ನಿಲ್ಲುತ್ತಿದ್ದ.

"ಮೇಡಂ, ಇವರೇ ನಿಮ್ಮ ಬೀರು ಅಂದ್ಕೊಳ್ಳಿ. ತಲೆ ಮೇಲೆ ಒಂದೂವರೆ ಅಡಿ ಖಾನೆ, ಸೂಟ್‌ಕೇಸಿಗೆ. ಎರಡು ಕೈ ಎರಡು ಬಾಗಿಲು. ರೀ, ತೆಗೀರಿ."

ನಿಧಾನಪ್ಪ ಎದೆಗೆ ಮುಚ್ಚಿಕೊಂಡಿದ್ದ ಕೈಗಳನ್ನು ಅಗಲಿಸಿದ. ಬಲಗೈ ಮಂಚದ ಸೊಳ್ಳೆಪರದೆ ಕಂಬಿಗೆ ಠಣ್ ಅಂತ ಬಡಿಯಿತು. "ಅಯ್ಯಪ್ಪಾ!"

"ನೋಡಿದ್ರಾ? ಬಾಗಿಲು ಮಂಚಕ್ಕೆ ತಾಗುತ್ತೆ. ಅದಕ್ಕೇ ನಾನು ಇಲ್ಲಿ ಪಕ್ಕಕ್ಕೆ ಸರಿಸೋ ಬಾಗಿಲು ಇಟ್ಟಿದ್ದೀನಿ. ರೀ, ಸರಿಸಿ."

ಸರಿಸಿದ. ನರ್ಸಮ್ಮ ಹತ್ತಿರ ಬಂದು ತಾವೇ ಒಂದು ಕೈ ಹಿಡಿದು ಅತ್ತ ಇತ್ತ ಎಳೆದು ನೋಡಿದರು. "ಕೆಳಗೆ ಡ್ರಾಯರು?"

"ಎರಡಿದೆ ಮೇಡಂ. ರೀ, ಮಂಡಿ ಮುಂದಕ್ಕೆ. ಮೇಡಂ, ನಿಮಗೆ ಸೊಂಟ ಬಗ್ಗಿಸೋದು ಕಷ್ಟ ಅಂದಿದ್ರಲ್ಲ, ಅದಕ್ಕೇ ಇಷ್ಟು ಎತ್ತರಕ್ಕೆ."

"ಹೂಂ. ಭಾರ ತಡೆಯುತ್ತಾ?" ಅನ್ನುತ್ತಾ ನರ್ಸಮ್ಮ ಮಂಚದ ಮೇಲಿದ್ದ ನಾಲ್ಕು ಕಂಬಳಿಗಳನ್ನು ಅವನ ತೋಳಿನ ಮೇಲೆ ಪೇರಿಸಿದರು. ಅವನ ಸೊಂಟ ಮತ್ತೆ ಕುಂಯ್ ಅಂದಿತು.

"ಇಪ್ಪತ್ತು ವರ್ಷದಿಂದ ಬಳಸ್ತಾ ಇದ್ದೀನಿ ಮೇಡಂ, ಏನೂ ಆಗಿಲ್ಲ."

"ಕಿರುಗುಟ್ಟುತ್ತಲ್ಲ?"

"ಮೊದಮೊದಲು ಎಲ್ಲಾ ಹಾಗೇ. ಆಮೇಲೆ ತಾನಾಗೇ ಸುಮ್ಮನಾಗುತ್ತೆ."

ಮೂವತ್ತು ವರ್ಷ ನಗದಿದ್ದ ನರ್ಸಮ್ಮ ಆಗ ನಕ್ಕರು ನೋಡಿ, ಕನ್ನಡಕ ಕಳಚಿ ಒರೆಸಿಕೊಳ್ಳುವಷ್ಟು! "ಕಂಪ್ಯೂಟರ್ ಚಿತ್ರ ಎಲ್ಲರೂ ತೋರಿಸ್ತಾರಮ್ಮ, ನನಗೆ ತಲೆಬುಡ ತಿಳಿಯಲ್ಲ. ಇದು ಅರ್ಥವಾಯ್ತು. ನನ್ನ ಸೊಂಟದ ಯೋಚನೆ ಮಾಡಿದವಳೂ ನೀನೊಬ್ಬಳೇ. ಕೆಲಸ ನಿಂದೇ" ಅಂದರು. ನಿಧಾನಪ್ಪ ಅಡುಗೆಮನೆಯಲ್ಲಿ ಒಲೆಯಾಗಿ, ಬಚ್ಚಲಿನಲ್ಲಿ ಕನ್ನಡಿ ಕಪಾಟಾಗಿ ಇನ್ನೂ ಮುಕ್ಕಾಲು ಗಂಟೆ ದುಡಿದ. ಹನ್ನೊಂದಕ್ಕೆ ಬಂದ ಕಂಟ್ರಾಕ್ಟರ್, ಕಂಕುಳಲ್ಲಿ ತೆಳ್ಳಗಿನ ಲ್ಯಾಪ್‌ಟಾಪು ಅವಚಿಕೊಂಡು ಬಾಗಿಲಿಂದಲೇ ವಾಪಸ್ ಹೋದ.

ಮೆಟ್ಟಿಲಿಳಿಯುವಾಗ ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ. ನಿಧಾನಪ್ಪ ಬೆನ್ನ ಮೇಲೆ ಹೆಣಭಾರ ಹೊತ್ತು ಹಿಂದೆ ಬರುತ್ತಿದ್ದ. "ತಪ್ಪಾಯ್ತು ಕಣೇ" ಅಂದ. "ನಾಳೆ ಇದನ್ನ ವಾಪಸ್ ಕೊಟ್ಟು ಆ ಸಣ್ಣದನ್ನೇ ತಗೋ."

ಅವಳು ಉತ್ತರ ಕೊಡುವ ಮೊದಲೇ ಮೇಲಿನಿಂದ ನರ್ಸಮ್ಮನ ಕೂಗು ಕೇಳಿಸಿತು.

"ಏನಮ್ಮಾ! ಈಗ ತಾನೇ ನನ್ನ ತಂಗಿಗೆ ಫೋನಲ್ಲಿ ಹೇಳಿದೆ. ಅವಳ ಮನೆಗೂ ಮಾಡಿಸಬೇಕಂತೆ, ಐದನೇ ಮಹಡಿ. ಲ್ಯಾಪ್‌ಟಾಪು ಗೀಪ್‌ಟಾಪು ಏನೂ ಬೇಡ, ಆ ಬೀರುನ ಕರ್ಕೊಂಡು ಬಾ ಸಾಕು! ಅವಳಿಗೆ ಮೂರು ಬಾಗಿಲಿಂದೇ ಆಗ್ಬೇಕಂತೆ!"

ಹೆಂಡತಿ ಅಲ್ಲೇ ನಿಂತು ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ನೋಡಿದಳು.

"ರೀ, ಒಂದು ಕಾಲು ಪಕ್ಕಕ್ಕೆ ಎತ್ತಿ ನೋಡೋಣ."

ನಿಧಾನಪ್ಪ ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದುಕೊಂಡು, ಕಾಲೆತ್ತಿದ.