ಮಾವನ ಸ್ಟೀಲು ಮಡಿ

ನಮ್ಮ ಸೋದರಮಾವನನ್ನು ಹೆಣ್ಣು ನೋಡಲು ಮಾತ್ರ ಕರೆದುಕೊಂಡು ಹೋಗಬಾರದು! ಹೋಗಿ ಕೆಟ್ಟವರು ನಾವು. ಯಳಂದೂರಿನ ಹತ್ತಿರ ಅಗರದಲ್ಲಿ ಅಣ್ಣನಿಗೆ ಹುಡುಗಿ ನೋಡಲು ಹೋದಾಗ ಉಪ್ಪಿಟ್ಟು ಬಂತು. ಮಾವ ಗಬಗಬನೆ ಮುಗಿಸಿ, ತಟ್ಟೆಯನ್ನು ಬೆಳಕಿಗೆ ಹಿಡಿದು, ಇದನ್ನು ಕಬ್ಬಿಣದ ನಾರಿನಲ್ಲಿ ಉಜ್ಜಿದವರು ಯಾರು ಎಂದು ಕೇಳಿಯೇಬಿಟ್ಟರು. ಹುಡುಗಿಯ ತಾಯಿಯ ಮುಖ ಸುಟ್ಟ ಬದನೆಕಾಯಿಯಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ, ಹೇಗಿದ್ದಾಳೆ ಮಾವ ಎಂದರೆ, "ಗೇಜು ಚೆನ್ನಾಗದೆ, ಪಾಲಿಶ್ ಒಂಟೋಗದೆ" ಅಂದರು. ಅವರು ನೋಡಿದ್ದು ತಟ್ಟೆಯ ದಪ್ಪ, ಹೊಳಪನ್ನಷ್ಟೇ! ಪುಣ್ಯಕ್ಕೆ ಅಣ್ಣ ಹುಡುಗಿಯನ್ನು ನೋಡಿದ್ದ. ಅವಳೇ ಈಗ ನಮ್ಮ ಅತ್ತಿಗೆ.

ಕೊಳ್ಳೇಗಾಲದಲ್ಲಿ ಮಾವನದು ಸ್ಟೀಲ್ ಗೇಟು, ಕಂಬಿಗಳಿಗೆ ಪಾಲಿಶ್ ಹಾಕುವ ಶೆಡ್ಡು. ಯಾರಾದರೂ ದೇವರಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದರೂ ಸುಮ್ಮನಿರುವ ಮನುಷ್ಯನಿಗೆ ಅಲ್ಲಿ ಎಲ್ಲಿಲ್ಲದ ಮಡಿ. ಕಬ್ಬಿಣ ಉಜ್ಜಿದ ಉಪ್ಪುಕಾಗದ ಸ್ಟೀಲನ್ನು ಮುಟ್ಟುವಂತಿಲ್ಲ. ಕಬ್ಬಿಣದ ಪುಡಿ ಚಿಟಿಕೆಯಷ್ಟು ಕಚ್ಚಿಕೊಂಡರೂ ಮೊದಲ ಮಳೆಗೇ ತುಕ್ಕು ಏಳುತ್ತದೆ. ಅದು ನಿಜವೇ ಬಿಡಿ. ಹಾಗಂತ ಕಬ್ಬಿಣದ ಅಂಗಡಿಯಿಂದ ಬಂದ ಗಿರಾಕಿಗೆ ಕೈ ತೊಳೆದು ಬನ್ನಿ ಎನ್ನುವುದೇ?

ಮಾವನ ಮಟ್ಟಿಗೆ ಮುಖ ಕಾಣುವ ಹೊಳಪೇ ಹೊಳಪು. ಹನೂರು ಕಡೆಯ ರಾಮಾಪುರದವರೊಬ್ಬರು ಗೇಟು ಕಣ್ಣಿಗೆ ಹೊಡೆಯುತ್ತದೆ, ಸ್ವಲ್ಪ ಮಂಕು ಮಾಡಿಕೊಡಿ ಎಂದಾಗ, ಹಾಗಾದರೆ ತಗಡು ಹಾಕಿಸಿಕೊಳ್ಳಿ ಎಂದು ಸಾಗಹಾಕಿದರು. ಗಾಳಿಯಲ್ಲಿ ಪುಡಿ ಚಿಮ್ಮಿಸಿ ಲೋಹವನ್ನು ತರಿತರಿ ಮಾಡುವ ಬ್ಲಾಸ್ಟಿಂಗ್ ಯಂತ್ರ ಶೆಡ್ಡಿನಲ್ಲಿದ್ದರೂ ಅದು ಹಳೇ ಬಣ್ಣ ಕೀಳುವುದಕ್ಕಷ್ಟೇ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಮಾತು ಮರಳಿತು, ಬಲಗೈ ಅರ್ಧ ಮಾತ್ರ ಮರಳಿತು. ಸ್ಟೀಲ್ ಲೋಟ ಹಿಡಿದರೆ ಜಾರಿ ಕಾಫಿಯೆಲ್ಲ ಸೆರಗಿನ ಮೇಲೆ. ಪ್ಲಾಸ್ಟಿಕ್ ಲೋಟ ಕೊಟ್ಟರೆ, "ನಾನೇನ್ ಕೂಸಾ?" ಅಂದರು. ಕುಡಿಸಲು ಹೋದರೆ ಬಾಯಿ ಬಿಗಿ. ಕಾಫಿಯಿಲ್ಲದೆ ಬೆಳಗಾಗದ ಅತ್ತೆ ಕಾಫಿಯನ್ನೇ ಬಿಟ್ಟುಬಿಟ್ಟರು. ನಮಗೆಲ್ಲ ಸಂಕಟ.

ಮಾವ ಮನೆಯ ಲೋಟಗಳನ್ನೆಲ್ಲ ಶೆಡ್ಡಿಗೆ ಹೊತ್ತೊಯ್ದರು. ಮೊದಲು ಬ್ಲಾಸ್ಟಿಂಗ್ ಯಂತ್ರದಲ್ಲಿ ಗಾಜಿನ ಸಣ್ಣ ಮಣಿ ಚಿಮ್ಮಿಸಿದರು. ಲೋಟ ರೇಷ್ಮೆಯಂತಾಯಿತು, ಆದರೆ ಜಾರಿತು. ಆಮೇಲೆ ಚೂಪು ಹರಳಿನ ಕಂದು ಪುಡಿ ತಂದರು. ಅದೂ ಕಬ್ಬಿಣ ಮುಟ್ಟದ ಹೊಸ ಮೂಟೆ! ಒಮ್ಮೆ ನಯ, ಒಮ್ಮೆ ಒರಟು. ಪ್ರತಿ ಸಲವೂ ಅಂಗೈಗೆ ಸೋಪು ಬಳಿದುಕೊಂಡು, ಎರಡೇ ಬೆರಳಲ್ಲಿ ಲೋಟ ಎತ್ತಿ ನೋಡುವುದು. ಮಾವನ ತಲೆಗೂ ಏನೋ ಆಗಿದೆ ಎಂದು ಕೆಲಸದವರು ಪಿಸುಗುಟ್ಟಿದರು. ಲೋಟದ ಅಂಚಿಗೆ ಮಾತ್ರ ಪುಡಿ ತಾಕದಂತೆ ಟೇಪು ಸುತ್ತಿದ್ದರು. ಯಾಕೆ ಮಾವ ಎಂದೆ.

"ಅಲ್ಲಿ ತುಟಿ ತಾಕ್ತದೆ ಕನಮ್ಮಿ" ಅಂದರು.

ಸಂಜೆ, ಸೋಪಿನ ಕೈಯಿಂದಲೂ ಜಾರದ ಲೋಟದಲ್ಲಿ ಕಾಫಿ ತುಂಬಿ ಅತ್ತೆಯ ಮುಂದಿಟ್ಟು, ಮಾವ ಬೇಕೆಂದೇ ಕಿಟಕಿ ಕಡೆ ತಿರುಗಿ ನಿಂತರು. ಅತ್ತೆ ಲೋಟದ ತರಿತರಿ ಮೈಯನ್ನು ಬೆರಳಿನಿಂದ ಸವರಿದರು. ಆಮೇಲೆ ಎತ್ತಿದರು. ಕೈ ನಡುಗಿತು, ಲೋಟ ಜಾರಲಿಲ್ಲ. ಪೂರ್ತಿ ಕುಡಿದು, "ಇನ್ನೊಸಿ ಬುಡಿ" ಅಂದರು.

ಬಗ್ಗಿಸಲು ಬಂದ ಮಾವನ ಕೈ ಅತ್ತೆಯ ಕೈಗಿಂತ ಹೆಚ್ಚು ನಡುಗುತ್ತಿತ್ತು. ಕಾಫಿ ಅರ್ಧ ನೆಲದ ಪಾಲು. "ನಿದಾನುಕ್ಕೆ ಬುಡಿ, ನಾನ್ ಇಡ್ಕಂಡಿವ್ನಿ" ಅಂದರು ಅತ್ತೆ.